ಹುಳದ ಮನೆಗೆ ಹೋದ ಕ್ಯಾಮೆರಾ ಬ್ಯಾಗು

ಬೆಳಿಗ್ಗೆ ಏಳಕ್ಕೆ ರಾಮನಗರ ಬಿಟ್ಟು ಅರ್ಧ ಗಂಟೆಯಲ್ಲಿ ಚನ್ನಪಟ್ಟಣದಲ್ಲಿ ಇಳಿದೆ. ಹೆದ್ದಾರಿ ಪಕ್ಕ ಏಳುತ್ತಿದ್ದ ಫ್ಯಾಕ್ಟರಿಗಳ ಫೋಟೋ ತೆಗೆದು ತೆಗೆದು ನನ್ನ ಹಳೆಯ ಜೋಳಿಗೆಯಲ್ಲಿ ಬರೀ ದೂಳು ತುಂಬಿತ್ತು. ಅದಕ್ಕೇ ಚನ್ನಪಟ್ಟಣದಲ್ಲಿ ಬ್ಯಾಗು ಹೊಲಿಯುವ ಬಾಷಾ ಸಾಬರಿಗೆ ಹೇಳಿ, ಒಳಗೆ ಸ್ಪಂಜು, ಹೊರಗೆ ಜಾಲರಿ ಜೇಬು ಇರುವ ಹೊಸದನ್ನು ಮಾಡಿಸಿದ್ದೆ.

"ಜೇಬು ಇಷ್ಟೊಂದು ಬ್ಯಾಡ ಸಾರ್. ಎಲ್ಲಿ ಏನಿಟ್ಟೆ ಅಂತ ನಿಮ್ಗೇ ಮರ್ತೋಯ್ತದೆ," ಎಂದರು ಸಾಬರು, ಬ್ಯಾಗು ಕೈಗೆ ಕೊಡುತ್ತಾ.

ಫೋಟೋಗ್ರಾಫರನ ಕಷ್ಟ ಇವರಿಗೇನು ಗೊತ್ತು ಅಂದುಕೊಂಡೆ. ಲೆನ್ಸಿಗೆ ಬೂಷ್ಟು ಹಿಡಿಯದಿರಲೆಂದು ಜಾಲರಿ ಜೇಬಿಗೆ ನಾಲ್ಕು ನುಸಿಗುಳಿಗೆ ಹಾಕಿ, ಹನ್ನೆರಡು ರೂಪಾಯಿ ಟಿಕೆಟ್ಟಿನಲ್ಲಿ ಸಾತನೂರು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹಿಪ್ಪುನೇರಳೆ ತೋಟ, ಸುಡು ಬಿಸಿಲು. ಸಾತನೂರಿನಿಂದ ಎರಡು ಮೈಲಿ ನಡೆದೆ.

ಅಲ್ಲಿ ರೇಷ್ಮೆ ಹುಳ ಸಾಕುವ ಜಯಮ್ಮನವರ ಮಗಳ ನಿಶ್ಚಿತಾರ್ಥ; ಫೋಟೋ ತೆಗೆಯುವ ಕೆಲಸ ನನ್ನದು. ಇಡ್ಲಿ ಕೊಟ್ಟು, "ಹುಳ ಕೊನೇ ಜ್ವರ ಎದ್ದವೆ ಕಣಣ್ಣ, ಪೊರೆ ಬಿಟ್ಟಾಯ್ತು, ಇನ್ನೊಂದ್ವಾರಕ್ಕೆ ಗೂಡು ಕಟ್ತವೆ. ಈ ಬೆಳೆ ಕೈಗೆ ಬಂದ್ರೆ ಮದ್ವೆ ಮುಗುದಂಗೇ," ಎಂದರು. ನಾನು ಬ್ಯಾಗನ್ನು ಜಗಲಿಯಲ್ಲಿಟ್ಟು, ಕ್ಯಾಮೆರಾ ಮಾತ್ರ ಹಿಡಿದು ಚಪ್ಪರಕ್ಕೆ ಹೋದೆ.

ಹತ್ತೂವರೆಗೆ ರೀಲು ಮುಗಿಯಿತು. ಹೊಸ ರೀಲಿಗೆಂದು ಬಂದರೆ ಜಗಲಿಯಲ್ಲಿ ಬ್ಯಾಗು ಇರಲಿಲ್ಲ.

"ಜನ ಜಾಸ್ತಿ ಅಂತ ನಾನೇ ಹುಳದ್ಮನೇಲಿಕ್ಕಿ ಬೀಗ ಹಾಕಿವ್ನಿ," ಎಂದರು ಜಯಮ್ಮ. "ಅಲ್ಗೆ ಬ್ಯಾರೆಯೋರು ಯಾರೂ ಕಾಲಿಡಲ್ಲ."

ರೇಷ್ಮೆ ಹುಳ! ಸೊಳ್ಳೆಬತ್ತಿಯ ಹೊಗೆಯನ್ನೂ ತಡೆಯದ ಜೀವ ಅದು. "ಅಕ್ಕಾ, ಅದ್ರಲ್ಲಿ ನುಸಿಗುಳಿಗೆ ಐತೆ!" ಎಂದೆ.

ಆಕೆ ಬೀಗದ ಕೈ ಹಿಡಿದು ಓಡಿದರು. ಬೀಗ ತೆಗೆದಾಗ ಘಾಟು ಮುಖಕ್ಕೆ ಹೊಡೆಯಿತು. ಬ್ಯಾಗಿನ ಪಕ್ಕದ ತಟ್ಟೆಗಳಲ್ಲಿ ಹುಳ ಸೊಪ್ಪು ಬಿಟ್ಟು ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು, ಕೆಲವು ಹಸಿರು ಕಕ್ಕಿದ್ದವು. ಆಕೆ ಬಾಗಿಲಿಗೆ ತಂದುಕೊಟ್ಟ ಬ್ಯಾಗನ್ನು, ರೀಲು ತೆಗೆದುಕೊಂಡು, ತೋಟದಾಚೆ ಎಸೆದು ಬಂದೆ. ಒಳಗೆ ಕಾಲಿಡಲು ಧೈರ್ಯವಾಗದೆ ಬಾಗಿಲಲ್ಲೇ ನಿಂತೆ.

"ನೋಡ್ತಾ ನಿಂತ್ಕಬ್ಯಾಡಿ, ಕಾಲ್ ತೊಳ್ದು ಬನ್ನಿ!" ಎಂದರು ಆಕೆ. ರೇಷ್ಮೆ ಸೀರೆಯಲ್ಲೇ ಅವರು, ಇಸ್ತ್ರಿ ಅಂಗಿಯಲ್ಲಿ ನಾನು, ತಟ್ಟೆಗಳನ್ನು ಗಾಳಿ ಬರುವ ಕಡೆಗೆ ಸಾಗಿಸಿದೆವು. ಕಿಟಕಿಗಳನ್ನು ತೆರೆದು ಹೊಸ ಸೊಪ್ಪು ಹಾಕಿದೆವು. ಹೊರಗೆ ಗಂಡಿನ ಕಡೆಯವರು ಕರೆಯುತ್ತಿದ್ದರು. ಜಯಮ್ಮ ತಟ್ಟೆಗೆ ಕಿವಿಗೊಟ್ಟು ಕೂತೇ ಇದ್ದರು.

ಎಷ್ಟೋ ಹೊತ್ತಿನ ಮೇಲೆ ಚರಚರ ಸದ್ದು ಶುರುವಾಯಿತು.

"ತಿಂತಾವೆ," ಎಂದರು. ಎರಡು ತಟ್ಟೆಯವು ಮಾತ್ರ ತಿನ್ನಲಿಲ್ಲ. ಅವನ್ನು ಗುಂಡಿಗೆ ಸುರಿದು, ಸೀರೆ ಕೊಡವಿಕೊಂಡು ಶಾಸ್ತ್ರಕ್ಕೆ ಹೋದರು. ನಾನು ಹೊಸ ರೀಲು ತುಂಬಿ ಹಿಂದೆಯೇ ಹೋದೆ. ಹೊರಟಾಗ ಮಜ್ಜಿಗೆ ಕೊಟ್ಟು, "ಮದ್ವೆಗೂ ನೀವೇ ಬರ್ಬೇಕು. ಆ ಬ್ಯಾಗ್ ಬ್ಯಾಡ," ಎಂದರು.

ಸಂಜೆ ಚನ್ನಪಟ್ಟಣದಲ್ಲಿ, ತೋಟದಾಚೆಯಿಂದ ಹೆಕ್ಕಿ ತಂದ ಬ್ಯಾಗಿನ ಜಾಲರಿ ಜೇಬನ್ನು ಸಾಬರು ಬಿಚ್ಚಿಕೊಟ್ಟರು. ವಾರದ ಮೇಲೆ ಪ್ರಿಂಟುಗಳು ಬಂದವು. ನಿಶ್ಚಿತಾರ್ಥದ ತಾಂಬೂಲದ ತಟ್ಟೆ ಬದಲಾಯಿಸುವಾಗ ಹುಡುಗಿ, ಹುಡುಗ, ನೆಂಟರು ಎಲ್ಲರೂ ಕ್ಯಾಮೆರಾ ನೋಡಿ ನಗುತ್ತಿದ್ದಾರೆ. ಜಯಮ್ಮ ಒಬ್ಬರು ಮಾತ್ರ ಆ ಎಲ್ಲ ಫೋಟೋಗಳಲ್ಲೂ ಪಕ್ಕಕ್ಕೆ ತಿರುಗಿ ಹುಳದ ಮನೆಯ ಬಾಗಿಲು ನೋಡುತ್ತಿದ್ದಾರೆ.