ನೂರಾ ಹದಿನಾಲ್ಕು ಕಿಲೋ ಮತ್ತು ಒಂದು ಮಡಚುವ ಸೈಕಲ್

ನಾನು ಸೈಕಲ್ ಕಲಿತದ್ದು ನಲವತ್ತಾರನೆಯ ವಯಸ್ಸಿನಲ್ಲಿ. ಅದಕ್ಕೂ ಮೊದಲು ಒಂಬತ್ತು ವರ್ಷ ಇನ್ನೊಬ್ಬಳ ಸ್ಕೂಟರಿನ ಹಿಂದೆ ಕೂತೇ ಶಾಲೆಗೆ ಹೋಗುತ್ತಿದ್ದೆ.

ನಮ್ಮ ಮನೆ ಕೊಪ್ಪಳದಲ್ಲಿ. ನಾನು ಪಾಠ ಮಾಡುವ ಸರಕಾರಿ ಪ್ರಾಥಮಿಕ ಶಾಲೆ ಬೇವೂರಿನ ಕಡೆಗೆ, ಡಾಂಬರು ರಸ್ತೆಯಿಂದ ಮೂರೂವರೆ ಕಿಲೋಮೀಟರ್ ಒಳಗಿರುವ ಹಳ್ಳಿಯಲ್ಲಿದೆ. ಬಸ್ಸು ಕ್ರಾಸಿನಲ್ಲಿ ಇಳಿಸಿ ಮುಂದಕ್ಕೆ ಹೋಗುತ್ತದೆ. ಅಲ್ಲಿಂದ ಒಳಗೆ ಹೋಗುವ ಟಂಟಂ ಆಟೋ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಂದರೂ ಅದರ ಚಾಲಕ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, "ಅಕ್ಕೋರು ಕುಂತ್ರ ಇಬ್ಬರ ಜಾಗ ಹೋಕ್ಕತಿ" ಎಂದು ಒಳಗಿದ್ದವರಿಗೆ ಕೇಳುವಂತೆ ಹೇಳುತ್ತಿದ್ದ. ನಾನು ಎರಡು ಸೀಟಿನ ದುಡ್ಡು ಕೊಟ್ಟು ಸುಮ್ಮನೆ ಕೂರುತ್ತಿದ್ದೆ.

ಅದೇ ಶಾಲೆಗೆ ಗಣಿತದ ಶಿಕ್ಷಕಿಯಾಗಿ ಯಲಬುರ್ಗಾದಿಂದ ಒಬ್ಬಳು ವರ್ಗವಾಗಿ ಬಂದಳು. ತೆಳ್ಳಗಿನ ಮೈ, ಐವತ್ತು ಕಿಲೋ ಕೂಡ ಇರಲಿಕ್ಕಿಲ್ಲ. ಬಂದ ಮೊದಲ ವಾರದಲ್ಲೇ ನಾನು ನಡೆದು ಹೋಗುತ್ತಿದ್ದುದನ್ನು ಕಂಡು ಸ್ಕೂಟರ್ ನಿಲ್ಲಿಸಿ, "ಹತ್ರಿ" ಎಂದಳು. ನಾನು ಬೇಡವೆಂದೆ. ಯಾಕೆ ಬೇಡ ಅನ್ನುತ್ತಿದ್ದೇನೆಂದು ಅವಳಿಗೆ ಗೊತ್ತಾಗಿರಬೇಕು. "ಗಾಡಿ ನಂದು, ನಿಮಗ್ಯಾಕ ಚಿಂತಿ? ಹತ್ರಿ ಮೊದಲ" ಎಂದಳು. ಮರುದಿನದಿಂದ ಕ್ರಾಸಿನಲ್ಲಿ ನನ್ನ ಬಸ್ಸಿಗಾಗಿ ಕಾಯತೊಡಗಿದಳು. ಒಂದೆರಡು ತಿಂಗಳಲ್ಲಿ ನಮ್ಮಿಬ್ಬರ ನಡುವೆ 'ರೀ' ಹೋಗಿ 'ನೀ' ಬಂತು. ಒಂಬತ್ತು ವರ್ಷದಲ್ಲಿ ಅವಳು ನನ್ನ ಮೈ ಬಗ್ಗೆ ಒಂದು ಮಾತೂ ಆಡಲಿಲ್ಲ, ತಮಾಷೆಗೂ ಆಡಲಿಲ್ಲ.

ಅವಳ ಎದೆಯಲ್ಲಿ ಗಂಟು ಇತ್ತು. ಅದನ್ನು ಮನೆಯಲ್ಲೂ ಹೇಳದೆ ಬಹಳ ದಿನ ಮುಚ್ಚಿಟ್ಟಿದ್ದಳಂತೆ. ನನಗೆ ಗೊತ್ತಾಗುವ ಹೊತ್ತಿಗೆ ಅವಳು ರಜೆ ಹಾಕಿ ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿದ್ದಳು. ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡಳು. ಕೊನೆಯ ದಿನಗಳಲ್ಲಿ ಅವಳ ಬಲತೋಳು ಬಾತಿತ್ತು ಎಂದು ಕೇಳಿದಾಗ ನನಗೆ ಹೊಳೆದದ್ದು ಒಂದೇ. ರಜೆ ಹಾಕುವ ಹಿಂದಿನ ವಾರದವರೆಗೂ ಆ ತೋಳಿನಿಂದಲೇ ಹ್ಯಾಂಡಲ್ ಹಿಡಿದು ನನ್ನನ್ನು ಹೊತ್ತು ತಂದಿದ್ದಳು.

ದಿನಕರ್ಮಗಳೆಲ್ಲ ಮುಗಿದ ಮೇಲೆ ನಾನೂ ನನ್ನ ಗಂಡನೂ ಯಲಬುರ್ಗಾಕ್ಕೆ ಹೋಗಿ ಅವಳ ಮನೆಯವರನ್ನು ಕಂಡೆವು. ಹೊರಡುವಾಗ ಅವಳ ಗಂಡ ಬಾಗಿಲ ತನಕ ಬಂದು, ಗೋಡೆಯ ಪಕ್ಕ ನಿಲ್ಲಿಸಿದ್ದ ಅವಳ ಸ್ಕೂಟರಿನ ಮೇಲೆ ಕೈಯಿಟ್ಟರು.

"ಇದನ್ನ ನೀವ ತಗೊಂಡ ಹೋಗ್ರಿ ಅಕ್ಕಾರ. ಇಲ್ಲೇ ನಿಂತ್ರ ತುಕ್ಕ ಹಿಡಿತೈತಿ. ಆಕಿ ನಿಮ್ಮ ಸಲುವಾಗಿ ಹಿಂದಿನ ಗಾಲಿ ಶಾಕ್ ಅಬ್ಸಾರ್ಬರ್ ಎರಡ ಸಲ ಬದಲ್ ಮಾಡ್ಸಿದ್ಲು. ಬ್ಯಾರೆ ಯಾರ ಕೈಗೂ ಕೊಡಾಕ ನನಗ ಮನಸಿಲ್ಲ."

ಅವರು ದೂರಲಿಲ್ಲ. ಪ್ರೀತಿಯಿಂದಲೇ ಹೇಳಿದರು. ಆದರೂ ನನಗೆ ನಿಲ್ಲಲಾಗಲಿಲ್ಲ. ನನ್ನ ಭಾರಕ್ಕೆ ಕುಸಿದ ಶಾಕ್ ಬದಲಿಸಿದ್ದು ನನಗೆ ಗೊತ್ತೇ ಇರಲಿಲ್ಲ. "ನನಗ ಗಾಡಿ ಹೊಡಿಯಾಕ ಬರಂಗಿಲ್ರೀ ಅಣ್ಣಾರ" ಎಂದಷ್ಟೇ ಹೇಳಿ ಹೊರಬಂದೆ. ಗಾಡಿ ಹೊಡೆಯಲು ಬರುತ್ತಿದ್ದರೂ ಅವಳ ಆ ಮುಂದಿನ ಸೀಟಿನ ಮೇಲೆ ನಾನು ಕೂರುತ್ತಿರಲಿಲ್ಲ.

ಆಮೇಲೆ ನಾಲ್ಕು ತಿಂಗಳು ನಡೆದೆ. ಮೊಣಕಾಲು ಊದತೊಡಗಿತು. ಪ್ರಾರ್ಥನೆ ಮುಗಿದ ಮೇಲೆ ಬೆವರಿಳಿಸಿಕೊಂಡು ಶಾಲೆಯ ಗೇಟು ದಾಟುವುದು ರೂಢಿಯಾಯಿತು. ಮಕ್ಕಳು ಸಾಲಾಗಿ ತರಗತಿಗೆ ಹೋಗುತ್ತ ನನ್ನನ್ನು ತಿರುಗಿ ನೋಡುತ್ತಿದ್ದರು.

ಆ ದಿನಗಳಲ್ಲೇ ಕುಷ್ಟಗಿಯಲ್ಲಿ ಒಂದು ತರಬೇತಿ ಇತ್ತು. ಬಸ್ ನಿಲ್ದಾಣದಲ್ಲಿ ಒಬ್ಬ ಹೆಣ್ಣುಮಗಳು ಬಸ್ಸಿನಿಂದ ದೊಡ್ಡ ಗಂಟಿನಂಥದ್ದೇನನ್ನೋ ಇಳಿಸಿದಳು. ನೋಡುನೋಡುತ್ತಿದ್ದಂತೆ ಅದರ ನಡು ಬಿಡಿಸಿ, ಹ್ಯಾಂಡಲ್ ಎತ್ತಿ, ಸೀಟು ಏರಿಸಿದಳು. ಅದು ಸೈಕಲ್. ಬ್ಯಾಟರಿಯ ಸೈಕಲ್. ಕೇಳಿದ್ದಕ್ಕೆ, ಇದಕ್ಕೆ ಲೈಸೆನ್ಸ್ ಬೇಕಿಲ್ಲ, ಬಸ್ಸಿನಲ್ಲಿ ಲಗೇಜಿನಂತೆ ಹಾಕಿಕೊಂಡು ಬರುತ್ತೇನೆ ಎಂದಳು. ನಮ್ಮ ಕ್ರಾಸಿನಲ್ಲಿ ಅಂಗಡಿಯಿಲ್ಲ, ಮನೆಯಿಲ್ಲ. ಅಲ್ಲಿ ರಾತ್ರಿ ಗಾಡಿ ಬಿಟ್ಟುಬರಲು ಆಗುವುದಿಲ್ಲ. ನನ್ನ ಜೊತೆಗೇ ಬಸ್ಸು ಹತ್ತಿ ನನ್ನ ಜೊತೆಗೇ ಇಳಿಯುವ ಗಾಡಿ ಎಂದರೆ ಇದೊಂದೇ ಎಂದು ಅಲ್ಲೇ ನಿಶ್ಚಯಿಸಿದೆ.

ಮನೆಗೆ ಬಂದು ನನ್ನ ಗಂಡನಿಗೆ ಹೇಳಿದೆ. "ಬಿದ್ರ?" ಎಂದರು.

"ಬಿದ್ರ ಏಳ್ತೀನಿ."

"ಜನ ನಗ್ತಾರ ನೋಡ."

"ಈಗೇನ ನಗಂಗಿಲ್ಲೇನ್ರಿ?"

ಭಾನುವಾರ ಇಬ್ಬರೂ ಗಂಗಾವತಿಗೆ ಹೋದೆವು. ಅಲ್ಲಿನ ಒಂದು ದೊಡ್ಡ ಅಂಗಡಿಯಲ್ಲಿ ಬ್ಯಾಟರಿಯ ಮಡಚುವ ಸೈಕಲ್ಲುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಒಂದು ನೀಲಿ ಬಣ್ಣದ್ದು ನನ್ನ ಕಣ್ಣಿಗೆ ಬಿತ್ತು. ಅಲ್ಯೂಮಿನಿಯಂನದು, ಒಂದೇ ಕೈಯಲ್ಲಿ ಎತ್ತಬಹುದು. ಬೆಲೆಯೂ ನಾವು ಅಂದುಕೊಂಡಷ್ಟೇ. ಮಾರುವವನು, "ನೂರು ಕೆಜಿ ತನಕ ತಡಿತೈತ್ರಿ ಮೇಡಂ. ನಿಮ್ದು ತೂಕ?" ಎಂದು ಕೇಳಿದ.

"ತೊಂಬತ್ತೈದು" ಎಂದೆ.

ನನ್ನ ಗಂಡ ನನ್ನ ಕಡೆ ಒಮ್ಮೆ ನೋಡಿ, ಮುಖ ತಿರುಗಿಸಿ ರಸ್ತೆಯ ಕಡೆ ನೋಡುತ್ತ ನಿಂತರು. ನಾನು ತೂಕ ನೋಡಿಕೊಂಡು ಎಷ್ಟು ವರ್ಷವಾಗಿತ್ತೋ. ತೊಂಬತ್ತೈದು ಎಂಬುದು ಸುಳ್ಳೆಂದು ಮಾತ್ರ ನನಗೆ ಗೊತ್ತಿತ್ತು. ಮುಂದಿನ ವಾರ ಬಂದು ಒಯ್ಯುತ್ತೇವೆಂದು ಹೇಳಿ ಬಂದೆವು.

ಕೊಪ್ಪಳದಲ್ಲಿ ನಮ್ಮ ಓಣಿಯ ತುದಿಗೆ ಒಂದು ಸೈಕಲ್ ಅಂಗಡಿ ಇದೆ. ಅದನ್ನು ನಡೆಸುವ ಮುದುಕರನ್ನು ಎಲ್ಲರೂ ಚಾಚಾ ಎನ್ನುತ್ತಾರೆ. ಅವರ ಅಪ್ಪನ ಕಾಲದಿಂದಲೂ ಅದೇ ಕಸುಬು. ಕೊಂಡ ಮೇಲೆ ರಿಪೇರಿ ಮಾಡಿಕೊಡುತ್ತೀರಾ ಎಂದು ಕೇಳಲು ಹೋಗಿ, ಫೋನಿನಲ್ಲಿ ತೆಗೆದಿದ್ದ ನೀಲಿ ಸೈಕಲ್ಲಿನ ಚಿತ್ರ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು.

"ಯಾರಿಗ್ರಿ ಇದು?"

"ನನಗ ಚಾಚಾ."

"ಎಷ್ಟ ತಡಿತದಂತ?"

"ನೂರು. ನಾನು ತೊಂಬತ್ತೈದು ಅದೀನಿ."

ಅವರು ಫೋನನ್ನು ನನ್ನ ಕೈಗೆ ಕೊಟ್ಟು, ನನ್ನ ಮುಖ ನೋಡದೆ, ಕೈಯಲ್ಲಿದ್ದ ಚಕ್ರವನ್ನು ತಿರುಗಿಸುತ್ತಲೇ ಹೇಳಿದರು. "ಅಕ್ಕಾರ, ತೂಕದ ಸುಳ್ಳ ನನಗ ಹೇಳಿದ್ರ ನಡಿತೈತಿ. ಆ ಮಡಚೂ ಕೀಲಿಗೆ ಹೇಳಿದ್ರ ನಡಿಯಂಗಿಲ್ಲ. ಸಾದಾ ಸೈಕಲ್ಲಿಗೆ ನಡು ಗಟ್ಟಿ ಇರತೈತಿ. ಇದರ ನಡು ಕಡದು ಕೀಲ ಹಾಕ್ಯಾರ. ತೆಗ್ಗಿನ್ಯಾಗ ಇಳದ್ರ ನಿಮ್ಮ ಭಾರೆಲ್ಲಾ ಅಲ್ಲೇ ಬೀಳತೈತಿ. ದಿನಾ ಹೊರೋ ಬ್ಯಾಗು, ಬುತ್ತಿ, ನೀರಿನ ಬಾಟ್ಲಿ ಎಲ್ಲಾ ಹಿಡಕೊಂಡು ತೂಕ ಮಾಡ್ಸಿ ಬರ್ರಿ. ಆಮ್ಯಾಲೆ ಮಾತಾಡೂಣು."

ನನಗೆ ಸಿಟ್ಟು ಬಂತು. ಮನೆಗೆ ಬಂದು ಸ್ವಲ್ಪ ಹೊತ್ತು ಅತ್ತೆ. ಆದರೆ ಮರುದಿನ ಸಂಜೆ ಶಾಲೆಯ ಬ್ಯಾಗು ಹೊತ್ತುಕೊಂಡೇ ಕಾಳಿನ ಅಂಗಡಿಯೊಂದಕ್ಕೆ ಹೋಗಿ ನಿಂತೆ. ಅಲ್ಲಿ ಚೀಲ ತೂಗುವ ದೊಡ್ಡ ಕಾಟಾ ಇತ್ತು. ಚೆಲ್ಲಿದ ಕಡಲೆ ಗುಡಿಸುತ್ತಿದ್ದ ಹೆಂಗಸಿಗೆ ವಿಷಯ ಹೇಳಿದೆ. ಅವಳು ಕಾರಣ ಕೇಳಲಿಲ್ಲ. ಪೊರಕೆಯಿಂದ ತಟ್ಟೆಯ ಮೇಲಿನ ಕಾಳು ಸರಿಸಿ, "ಏರ್ರಿ ಯಕ್ಕಾ" ಎಂದಳು. ನಾನು ಕಣ್ಣು ಮುಚ್ಚಿ ನಿಂತೆ. ಅವಳು ಅಂಕಿಯನ್ನು ಓದಿ, ಬೇರೆಯವರಿಗೆ ಕೇಳದ ಹಾಗೆ ನನ್ನ ಹತ್ತಿರ ಬಂದು ಹೇಳಿದಳು. ನೂರಾ ಹದಿನಾಲ್ಕು.

ಚಾಚಾ ಆ ಅಂಕಿ ಕೇಳಿ ಹುಬ್ಬು ಕೂಡ ಏರಿಸಲಿಲ್ಲ. ಟೈರಿನ ಅಳತೆ ಹೇಳಿದರೆ ಹೇಗೆ ಕೇಳುತ್ತಾರೋ ಹಾಗೆ ಕೇಳಿ, "ಹಂಗಾರ ನೂರಾ ಮೂವತ್ತು ತಡಿಯೋದ ಬೇಕು" ಎಂದರು. "ದಿನಾ ಎಷ್ಟ ದೂರ?"

"ಹೋಗಾಕ ಬರಾಕ ಸೇರಿ ಏಳು ಕಿಲೋಮೀಟರ್."

"ಮತ್ಯಾಕ ದೊಡ್ಡ ಬ್ಯಾಟರಿ? ಸಣ್ಣ ಬ್ಯಾಟರಿದು ತಗೋರ್ರಿ. ಕಂಪನಿಯವರು ಮೂವತ್ತು ಓಡತೈತಿ ಅಂದ್ರ ನಿಮಗ ಇಪ್ಪತ್ತ ಹಿಡೀರಿ, ಆದ್ರೂ ಸಾಕು. ಅದರಾಗ ಉಳಿದ ರೊಕ್ಕ ಗಟ್ಟಿ ಫ್ರೇಮಿಗೆ, ಬ್ರೇಕಿಗೆ ಹಾಕ್ರಿ. ನಿಮಗ ಓಡಸೋದಕ್ಕಿಂತ ನಿಂದ್ರಸೋದು ಮುಖ್ಯ."

ಮೂರು ವಾರ ಹುಡುಕಿದೆವು. ನೂರಾ ಐವತ್ತು ತಡೆಯುವುದು ನಮ್ಮ ಕೈಗೆ ಎಟುಕುವಂತಿರಲಿಲ್ಲ. ಕೈಗೆ ಎಟುಕುವುದರಲ್ಲಿ ಹೆಚ್ಚಿನವು ನೂರಕ್ಕೇ ನಿಲ್ಲುತ್ತಿದ್ದವು. ಕೊನೆಗೆ ಚಾಚಾ ತಮ್ಮ ಪರಿಚಯದವರ ಮೂಲಕ ಒಂದನ್ನು ತರಿಸಿದರು. ಕಬ್ಬಿಣದ್ದು, ಬೂದು ಬಣ್ಣ, ನೋಡಲು ಚೆಂದವೇನಿಲ್ಲ. ನೂರಾ ಮೂವತ್ತು ತಡೆಯುತ್ತಿತ್ತು, ಎರಡೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇತ್ತು. ಆದರೆ ಅದರ ತೂಕವೇ ಇಪ್ಪತ್ತನಾಲ್ಕು ಕಿಲೋ. ಅದಕ್ಕೆ ನನ್ನನ್ನು ಹೊರುವ ಶಕ್ತಿ ಇರಬೇಕೆಂದರೆ ಅದನ್ನು ಎತ್ತುವ ಶಕ್ತಿ ನನಗೆ ಇರಬೇಕಿತ್ತು. ಚಾಚಾ ಹಿಂದಿನ ಚಕ್ರದ ಕಡ್ಡಿಗಳನ್ನೆಲ್ಲ ಬಿಚ್ಚಿ ದಪ್ಪ ಕಡ್ಡಿ ಹಾಕಿದರು. ಸ್ಪ್ರಿಂಗಿನ ಅಗಲ ಸೀಟು ಕೂರಿಸಿದರು. ಆಮೇಲೆ ಎರಡೂ ಪೆಡಲ್ ಕಳಚಿ ನನ್ನ ಕೈಗೆ ಕೊಟ್ಟರು.

"ಇವನ್ನ ಮನ್ಯಾಗ ಇಡ್ರಿ. ಸೀಟ್ ತಗ್ಗಸೀನಿ. ಅದರ ಮ್ಯಾಲೆ ಕುಂತು ಕಾಲಿಲೆ ನೆಲ ಒತ್ತಕೊಂತ ನಡೀರಿ. ಕಾಲ ಎತ್ತಿದ್ರೂ ಬೀಳಂಗಿಲ್ಲ ಅನ್ನೂ ಮಟ ಪೆಡಲ್ ಕೇಳಬ್ಯಾಡ್ರಿ."

ಊರ ಹೊರಗೆ ಸೈಟು ಮಾಡಿ ರಸ್ತೆ ಹಾಕಿ ಬಿಟ್ಟ ಒಂದು ಬಯಲಿತ್ತು. ದಿನಾ ಬೆಳಗಾದ ಕೂಡಲೇ ಇಬ್ಬರೂ ಅಲ್ಲಿಗೆ ಹೋಗುತ್ತಿದ್ದೆವು. ಹನ್ನೊಂದು ದಿನ ನಾನು ನೆಲ ಒತ್ತುತ್ತಲೇ ಇದ್ದೆ. ಹನ್ನೆರಡನೆಯ ದಿನ ಎರಡೂ ಕಾಲು ಎತ್ತಿ ಒಂದು ಮನೆಯಗಲದಷ್ಟು ದೂರ ಉರುಳಿದೆ. ನನ್ನ ಗಂಡ ಚಪ್ಪಾಳೆ ತಟ್ಟಲು ಕೈಯೆತ್ತಿ, ಸುತ್ತ ನೋಡಿ, ಕೈ ಇಳಿಸಿದರು.

ಪೆಡಲ್ ಹಾಕಿದ ದಿನವೇ ಬಿದ್ದೆ. ನಿಂತಲ್ಲೇ ಪೆಡಲ್ ಮೇಲೆ ಕಾಲಿಟ್ಟು ಸ್ವಲ್ಪ ಒತ್ತಿದ್ದೆ ಅಷ್ಟೆ. ಮೋಟರು ಗಪ್ಪನೆ ಎಳೆಯಿತು. ಸೈಕಲ್ ಮುಂದೆ ಹೋಯಿತು, ನಾನು ಬಲಕ್ಕೆ ಬಿದ್ದೆ. ಮೊಣಕೈ ತರಚಿತು. ನನ್ನ ಗಂಡ ಓಡಿಬಂದು ಕಂಕುಳಿಗೆ ಕೈ ಹಾಕಿ ಎತ್ತಲು ನೋಡಿದರು. ಅವರಿಂದ ಆಗಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದರು. ಆಮೇಲೆ ನನ್ನನ್ನು ಬಿಟ್ಟು, ಸೈಕಲ್ಲನ್ನು ಪಕ್ಕಕ್ಕೆ ನಿಲ್ಲಿಸಿ ಬಂದು, ನನ್ನ ಪಕ್ಕದಲ್ಲೇ ಆ ಕೆಂಪು ಮಣ್ಣಿನ ಮೇಲೆ ಕೂತುಬಿಟ್ಟರು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಅವರು ನನಗೆ ಅಷ್ಟು ಹತ್ತಿರ ಕೂತದ್ದು ಅದೇ ಮೊದಲೇನೋ ಅನ್ನಿಸಿತು. ಸ್ವಲ್ಪ ಹೊತ್ತಿಗೆ ನಾನೇ ನೆಲಕ್ಕೆ ಕೈಯೂರಿ ಎದ್ದೆ.

"ಇವತ್ತ ಸಾಕ?" ಎಂದರು.

"ಇನ್ನೊಂದ ಸಲ" ಎಂದೆ.

ಹೊರಡುವವರೆಗೆ ಬ್ರೇಕು ಹಿಡಿದೇ ಇರಬೇಕು, ಬ್ರೇಕು ಹಿಡಿದರೆ ಮೋಟರು ಓಡದು ಎಂದು ಚಾಚಾ ಆ ಸಂಜೆ ತಿಳಿಸಿಕೊಟ್ಟರು. ಮೊದಲೇ ಹೇಳದಿದ್ದಕ್ಕೆ ತಾವೇ ಬೇಸರಪಟ್ಟುಕೊಂಡು, ನನ್ನ ಮೊಣಕೈಗೆ ಅರಿಶಿನ ಹಚ್ಚಲು ಒಳಗಿನಿಂದ ತಮ್ಮ ಹೆಂಡತಿಯನ್ನು ಕರೆದರು.

ಕಲಿಯಲು ಎರಡು ತಿಂಗಳೇ ಹಿಡಿಯಿತು. ಸೈಕಲ್ ಮಡಚಿಕೊಂಡು ಮೊದಲ ಸಲ ಬಸ್ಸು ಹತ್ತಿದ ದಿನ ಮೆಟ್ಟಿಲ ಮೇಲೆಯೇ ಸಿಕ್ಕಿಬಿದ್ದೆ. ಅದನ್ನು ಎತ್ತಿದರೆ ನಾನು ಏರಲಾರೆ, ನಾನು ಏರಿದರೆ ಅದನ್ನು ಎತ್ತಲಾರೆ. ಕಂಡಕ್ಟರ್, "ಜಲ್ದಿ ಮಾಡ್ರಿ ಅಕ್ಕೋರ" ಎಂದು ಕೂಗುತ್ತಿದ್ದ. ಕೊನೆಗೆ ಒಳಗಿದ್ದ ಇಬ್ಬರು ಹೆಂಗಸರು ಬಗ್ಗಿ ಹ್ಯಾಂಡಲ್ ಹಿಡಿದು ಎಳೆದುಕೊಂಡರು. ಅಂದಿನಿಂದ ಮೊದಲು ಸೈಕಲ್ಲನ್ನು ಮೆಟ್ಟಿಲ ಮೇಲಿಟ್ಟು, ಯಾರಾದರೂ ಹಿಡಿದ ಮೇಲೆ ನಾನು ಏರುವುದನ್ನು ಕಲಿತೆ. ಹಿಡಿಯುವುದಿಲ್ಲ ಎಂದು ಯಾರೂ ಅನ್ನಲಿಲ್ಲ.

ಕ್ರಾಸಿನಲ್ಲಿ ಇಳಿದು, ನಡು ಬಿಡಿಸಿ, ಕೀಲಿನ ಚಿಲಕ ಬಿದ್ದಿದೆಯೇ ಎಂದು ಎರಡು ಸಲ ನೋಡಿ ಹೊರಟೆ. ಎರಡೂ ಬದಿಗೆ ಸಜ್ಜೆ ಕೊಯ್ದು ಬಿಟ್ಟ ಹೊಲಗಳು. ಒಂಬತ್ತು ವರ್ಷ ಓಡಾಡಿದ ರಸ್ತೆ ಅದು. ಆದರೂ ಗಾಡಿಯ ಮೇಲೆ ಕೂತು ಅದನ್ನು ನೇರ ಮುಂದಕ್ಕೆ ನಾನು ನೋಡಿಯೇ ಇರಲಿಲ್ಲ. ಸ್ಕೂಟರಿನಲ್ಲಿ ಎಡಕ್ಕೋ ಬಲಕ್ಕೋ ಮುಖ ಮಾಡಿ ಹೊಲ ನೋಡುತ್ತಿದ್ದೆ. ಎದುರಿಗೆ ಯಾವಾಗಲೂ ಅವಳ ಬೆನ್ನಿತ್ತು. ಆ ನೆನಪಿಗೆ ಅಳು ಬಂತು. ಸೈಕಲ್ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಹತ್ತುವುದು ಆಗುತ್ತದೋ ಇಲ್ಲವೋ ಎಂಬ ಭಯ. ಅಳುತ್ತಲೇ ಹೋದೆ. ಶಾಲೆಯ ಗೇಟಿನ ಹತ್ತಿರ ಮುಖ ಒರೆಸಿಕೊಂಡೆ. ಪ್ರಾರ್ಥನೆಗೆ ಇನ್ನೂ ಹೊತ್ತಿತ್ತು.

ಮಳೆಗಾಲದ ಮೊದಲ ಜೋರು ಮಳೆಗೆ ಇನ್ನೊಂದು ಪಾಠವಾಯಿತು. ಆ ರಸ್ತೆಯ ಕೊನೆಯ ಅರ್ಧ ಕಿಲೋಮೀಟರ್ ಎರೆಮಣ್ಣು. ಸಣ್ಣ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಮೆತ್ತಿ ಸೈಕಲ್ ನಿಂತೇ ಹೋಯಿತು. ತಳ್ಳಿದರೆ ಚಕ್ರ ಉರುಳಲಿಲ್ಲ, ಎತ್ತಿದರೆ ಕಾಲು ಹೂತಿತು. ಕಳೆ ತೆಗೆಯಲು ಹೊರಟಿದ್ದ ಒಬ್ಬ ಹೆಣ್ಣುಮಗಳು ಬದುವಿನ ಮೇಲೆ ನಿಂತು ನೋಡಿದಳು. ಕಳೆ ಕೀಳುವ ಕುರ್ಚಿಗಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದು ಬಂದಳು. "ಮಡಚ್ರಿ ಅದನ್ನ" ಎಂದಳು. ಮಡಚಿದೆ. ಆ ತುದಿಗೆ ಅವಳು, ಈ ತುದಿಗೆ ನಾನು ಹಿಡಿದು ಶಾಲೆಯ ಕಟ್ಟೆಯವರೆಗೆ ಹೊತ್ತೆವು. ನಡುವೆ ನಾಲ್ಕು ಸಲ ಇಳಿಸಿದೆವು. ಚಹಾ ಕುಡಿದು ಹೋಗು ಎಂದರೆ, ಹೊತ್ತಾಯಿತು ಎಂದು ಕೈಯ ಕೆಸರು ಝಾಡಿಸುತ್ತ ಹೊಲದ ಕಡೆ ನಡೆದಳು.

ಈಗ ಮೂರನೆಯ ವರ್ಷ. ಹಿಂದಿನ ಚಕ್ರದ ಕಡ್ಡಿ ಎರಡು ಸಲ ಮುರಿದಿದೆ. ಬ್ಯಾಟರಿ ಮೊದಲಿನಷ್ಟು ತಾಳುವುದಿಲ್ಲ, ಎದುರು ಗಾಳಿಯ ದಿನ ನಾನೇ ತುಳಿಯಬೇಕಾಗುತ್ತದೆ. ನನ್ನ ತೂಕ ಹೇಳಿಕೊಳ್ಳುವಷ್ಟು ಇಳಿದಿಲ್ಲ, ಮೊಣಕಾಲಿನ ನೋವು ಮಾತ್ರ ಕಡಿಮೆಯಾಗಿದೆ. ಮಳೆ ಬಂದ ಮರುದಿನ ಸೈಕಲ್ ಮನೆಯಲ್ಲೇ ಇರುತ್ತದೆ, ನಾನು ಒಂದು ಬಸ್ಸು ಮುಂಚೆ ಹೊರಟು ನಡೆಯುತ್ತೇನೆ. ಉಳಿದ ದಿನ ಒಂಬತ್ತೂವರೆಗೆಲ್ಲ ಶಾಲೆಯ ಬಾಗಿಲು ತೆಗೆಯುವವಳು ನಾನೇ.