ಊಟ ಆಯ್ತು ಎಂಬ ನನ್ನ ಇಂಗ್ಲಿಷು

ಕೋಲಾರದ ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗುವ ಮಗಳು, ಪೇರೆಂಟ್ಸ್ ಮೀಟಿಂಗ್ ಹತ್ತಿರ ಬಂದಾಗ, "ಅಮ್ಮ, ನೀನು ಬರ್ಬೇಡ, ಅಪ್ಪ ಬರ್ಲಿ" ಎಂದಳು. ಯಾಕೆ ಎಂದರೆ, "ಅಲ್ಲಿ ಎಲ್ರೂ ಇಂಗ್ಲಿಷಲ್ಲೇ ಮಾತಾಡ್ತಾರೆ. ನಿಂದು ಅರ್ಧ ಕನ್ನಡ, ಅರ್ಧ ತೆಲುಗು, ಅದೂ ಊರಿಗೆಲ್ಲ ಕೇಳೋ ಹಾಗೆ." ತುಂಬಾ ನೋವಾಯಿತು. ನೋವಾದರೆ ಸುಮ್ಮನಿರುವ ಜಾಯಮಾನ ನನ್ನದಲ್ಲ. "ನಾನೇ ಬರ್ತೀನಿ ಕಣೇ, ಇಂಗ್ಲಿಷಲ್ಲೇ ಮಾತಾಡ್ತೀನಿ" ಎಂದುಬಿಟ್ಟೆ.

ಅವಳ ಗ್ರಾಮರ್ ಪುಸ್ತಕ ತೆಗೆದರೆ ಪ್ರೆಸೆಂಟ್ ಪರ್ಫೆಕ್ಟ್ ಎಂಬ ಪಾಠ ಸಿಕ್ಕಿತು. ಐ ಹ್ಯಾವ್ ಕಮ್, ಐ ಹ್ಯಾವ್ ಸೀನ್, ಐ ಹ್ಯಾವ್ ಈಟನ್. ಎಲ್ಲವನ್ನೂ ಆಗಲೇ ಮಾಡಿ ಮುಗಿಸಿದಂತಿರುವ ವಾಕ್ಯಗಳು. ನನ್ನಂಥ ಸೋಮಾರಿಗೆ ಹೇಳಿ ಮಾಡಿಸಿದಂತಿದ್ದವು. ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುತ್ತಾ ಗಟ್ಟಿಯಾಗಿ ಒಪ್ಪಿಸಿದೆ. ಅತ್ತೆ ಇಣುಕಿ, "ಎವುರ್ತೋ ಮಾಟ್ಲು?" ಎಂದರು. ಯಾರ ಜೊತೆ ಮಾತು ಎಂದು ಕೇಳಿದ್ದಕ್ಕೆ ಹುಳುಗಳ ಜೊತೆ ಎಂದೆ. ಅವರು ತಲೆ ಚಚ್ಚಿಕೊಂಡು ಒಳಗೆ ಹೋದರು.

ಮೀಟಿಂಗಿನ ದಿನವೇ ಹುಳು ಹಣ್ಣಾಗಬೇಕೆ! ಹಣ್ಣಾದ ಹುಳುವನ್ನು ತಡಮಾಡದೆ ಆರಿಸಿ, ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ಎದ್ದಾಗಿನಿಂದ ಆರಿಸಿ, ಉಳಿದದ್ದನ್ನು ಗಂಡನಿಗೆ ಬಿಟ್ಟು, ಸೀರೆ ಬದಲಿಸಿ ಮಗಳ ಜೊತೆ ಬಸ್ಸು ಹತ್ತಿದೆ. ನನ್ನ ತಿಂಡಿ ಹಾಗೇ ಉಳಿಯಿತು.

ಮಿಸ್ಸು, "ಹ್ಯಾವ್ ಯು ಸೀನ್ ಹರ್ ಮಾರ್ಕ್ಸ್?" ಎಂದರು. "ಐ ಹ್ಯಾವ್ ಸೀನ್" ಎಂದು ಗೆದ್ದವಳಂತೆ ಮಗಳತ್ತ ನೋಡಿದೆ. ಅವಳು ನೆಲ ನೋಡುತ್ತಿದ್ದಳು. ನನ್ನ ಬಾಡಿದ ಮುಖ ನೋಡಿ ಮಿಸ್ಸು, "ಹ್ಯಾವ್ ಯು ಈಟನ್?" ಎಂದರು. ನಮ್ಮ ಕಡೆ ಈ ಪ್ರಶ್ನೆಗೆ ಒಂದೇ ಉತ್ತರ. ಹಸಿದು ಬೀಳುವಂತಿದ್ದರೂ ಹೊರಗಿನವರ ಮುಂದೆ ಈಗ್ತಾನೆ ಆಯ್ತು ಎನ್ನಬೇಕು. "ಐ ಹ್ಯಾವ್ ಈಟನ್!" ಎಂದೆ, ಇಡೀ ಕೊಠಡಿಗೆ ಕೇಳುವಂತೆ. ಬೆನ್ನಲ್ಲೇ ಹೊಟ್ಟೆ ಗುರ್ರೆಂದಿತು. ಅದಕ್ಕೂ ನನ್ನದೇ ಗಂಟಲು. ಹಿಂದೆ ಕೂತಿದ್ದ ತಾಯಂದಿರು ನಕ್ಕರು.

ಮಗಳು ತಲೆ ಎತ್ತಿದಳು. "ಇಲ್ಲ ಮಿಸ್, ಅಮ್ಮ ಏನೂ ತಿಂದಿಲ್ಲ" ಎಂದಳು, ಕನ್ನಡದಲ್ಲಿ. "ಬೆಳಗ್ಗೆಯಿಂದ ಮನೇಲಿ ರೇಷ್ಮೆ ಹುಳ ಆರಿಸ್ತಿದ್ಲು."

ನಾವು ಹುಳು ಸಾಕುವವರೆಂದು ಅವಳು ಶಾಲೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಬ್ಯಾಗಿನಿಂದ ಚಿತ್ರಾನ್ನದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಮಿಸ್ಸಿನ ಮೇಜಿನ ಮೇಲೇ ಇಟ್ಟು, "ತಿನ್ನಮ್ಮ" ಎಂದಳು. ನಾನು ನಾಚಿಕೆಯಿಲ್ಲದೆ ಡಬ್ಬಿ ಖಾಲಿ ಮಾಡಿದೆ. ತಾಯಂದಿರ ಜೊತೆ ಬಂದಿದ್ದ ಅವಳ ಗೆಳತಿಯರೆಲ್ಲ ನೋಡುತ್ತಿದ್ದರು. ಅವಳು ನನ್ನ ಪಕ್ಕದಿಂದ ಕದಲಲಿಲ್ಲ.