ಹಾಳೆಗಳಿಗೆ ಕತ್ತರಿ ಹಾಕಿದ ಮುತ್ಯಾ

ಮೊಮ್ಮಗಳು ಪಾಸಾದಳು! ಬರೀ ಪಾಸಲ್ಲ, ಅವಳೂ ಅವಳ ಗೆಳತಿಯೂ ಸೇರಿ ಮಾಡಿದ ಚಿತ್ರಕ್ಕೆ ಕಾಲೇಜಿನವರು ಎದ್ದುನಿಂತು ಚಪ್ಪಾಳೆ ತಟ್ಟಿದರಂತೆ. ಮಧ್ಯಾಹ್ನ ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದವಳೇ ಫೋನ್ ಮಾಡಿದಳು. "ಮುತ್ಯಾ, ಪಾಸಾದ್ವಿ! ಇಬ್ರೂ ಪಾಸಾದ್ವಿ!" ನಾನು ಅಂಗಡಿಯಲ್ಲಿ ಗಿರಾಕಿಯೊಬ್ಬನ ಪ್ಯಾಂಟಿನ ಕಾಲು ಮಡಚುತ್ತಿದ್ದೆ. ಹಾಗೇ ಬಿಟ್ಟು ಎದ್ದು ಆ ಗಿರಾಕಿಯನ್ನೇ ತಬ್ಬಿಕೊಂಡೆ. ಅವನು ಗಾಬರಿಯಾಗಿ, "ಕಾಕಾ, ಪ್ಯಾಂಟ್ ಸಂಜಿಗಿ ಸಿಗತದೋ ಇಲ್ಲೋ?" ಅಂದ.

"ನಾಳಿಗಿ ಬಾರಪ್ಪ. ಇವತ್ತ ನನ್ನ ಮೊಮ್ಮಗಳು ಪಾಸಾಗ್ಯಾಳ" ಅಂದೆ.

ನಾನು ಮೂರನೇ ಕ್ಲಾಸು ಓದಿದವನು. ಸುರಪುರದಲ್ಲಿ ಬಟ್ಟೆ ಹೊಲಿಯುತ್ತಲೇ ಮುದುಕನಾದೆ. ಅವಳು ಪಾಸಾದದ್ದು ಎಲ್ಲರಿಗೂ ಖುಷಿ, ಆದರೆ ಎದೆ ಮೇಲಿನ ಬಂಡೆ ಇಳಿದದ್ದು ನನಗೆ. ಯಾಕೆಂದರೆ ಅವಳ ಮೂರು ತಿಂಗಳ ದುಡಿಮೆಯನ್ನು ಹಾಳುಮಾಡಿದ್ದವನು ನಾನೇ.

ಅವಳು ಕಲಬುರಗಿಯಲ್ಲಿ ಚಿತ್ರಕಲೆ ಓದುತ್ತಾಳೆ. ಕೊನೆಯ ವರ್ಷ ಸ್ವಂತದ್ದೊಂದು ಕೆಲಸ ಮಾಡಿ ತೋರಿಸಬೇಕು, ಇಲ್ಲದಿದ್ದರೆ ಇನ್ನೊಂದು ವರ್ಷ ಅಲ್ಲೇ ಕೂರಬೇಕು. ಅದಕ್ಕೆಂದು ಊರಿಗೆ ಬಂದು, ಹುಣಸಗಿಯ ಗೆಳತಿಯ ಜೊತೆ ಸೇರಿ, ಬಿಡಿಸಿದ ಚಿತ್ರಗಳೇ ಸಿನಿಮಾದ ಹಾಗೆ ಓಡಾಡುವಂಥದ್ದೊಂದನ್ನು ಮಾಡಲು ಹೊರಟಳು. ಅದರಲ್ಲಿ ಇರುವುದು ನಾನೇ, ಅಂದರೆ ನನ್ನ ಎರಡು ಕೈ ಮತ್ತು ನನ್ನ ಹೊಲಿಗೆ ಮಷಿನ್. ಕೈಗಳನ್ನೂ ಮಷಿನ್ನನ್ನೂ ಅವಳು ಪೆನ್ಸಿಲಿನಿಂದ ಹಾಳೆಯ ಮೇಲೆ ಬಿಡಿಸುತ್ತಿದ್ದಳು. ಒಂದು ಹಾಳೆಗೂ ಮುಂದಿನ ಹಾಳೆಗೂ ಕೂದಲೆಳೆಯಷ್ಟೇ ವ್ಯತ್ಯಾಸ. ಕಟ್ಟನ್ನು ಹಿಡಿದು ಸರಸರ ಬಿಟ್ಟರೆ ಕೈ ಬಟ್ಟೆಯನ್ನು ಮುಂದೆ ತಳ್ಳುವುದು ಕಾಣುತ್ತದೆ. ಸೂಜಿಯ ಆಚೆ ಹೋದ ಬಟ್ಟೆ ಮಾತ್ರ ಗೆಳತಿಯ ಪಾಲು. ಕಂಪ್ಯೂಟರಿನಲ್ಲಿ ಎಐ ಅಂತ ಒಂದು ಇದೆಯಂತೆ. ಹೀಗಿರಲಿ ಎಂದು ಬರೆದು ಹೇಳಿದರೆ ಅದು ಚಿತ್ರ ಹುಟ್ಟಿಸಿ ಕೊಡುತ್ತದೆ. ಸೂಜಿ ದಾಟಿದ ಬಟ್ಟೆ ಹಾಗೇ ಹೊಲವಾಗಿ, ಕಾಲುವೆಯಾಗಿ, ಗುಡ್ಡವಾಗಿ ಹಾಸಿಕೊಂಡು ಹೋಗಬೇಕು ಎಂಬುದು ಇಬ್ಬರ ಆಸೆ. ಮೊದಲ ಸಲ ಅದು ಕೊಟ್ಟದ್ದರ ತುಂಬ ತೆಂಗಿನ ಮರ.

"ಇದು ಯಾರ ಊರವ್ವ?" ಎಂದು ಕೇಳಿದೆ.

"ಅದಕ್ಕ ನಮ್ಮ ಊರು ಗೊತ್ತಿಲ್ಲ ಮುತ್ಯಾ, ಕಲಿಸಬೇಕು" ಅಂದಳು ಗೆಳತಿ.

ಇಬ್ಬರೂ ಶಹಾಪುರದ ಬಂಡೆಗುಡ್ಡ, ಬೋನಾಳದ ಕೆರೆ, ಹುಣಸಗಿಯ ಭತ್ತದ ಗದ್ದೆ ಎಲ್ಲ ತಿರುಗಿ ಫೋಟೋ ತೆಗೆದು ತಂದು ಅದಕ್ಕೆ ತೋರಿಸಿದರು. ಆಮೇಲೆ ನಮ್ಮ ಬಂಡೆಗಳು ನಮ್ಮ ಬಂಡೆಗಳ ಹಾಗೆ ಬಂದವು.

ಮನೆ ಸಣ್ಣದು. ಬಿಡಿಸಿ ಮುಗಿಸಿದ ಹಾಳೆಗಳ ಕಟ್ಟನ್ನು ಅವಳು ನನ್ನ ಅಂಗಡಿಯ ಕಪಾಟಿನಲ್ಲಿಟ್ಟು, ಬೇರೊಂದು ಪರೀಕ್ಷೆ ಬರೆಯಲು ಎರಡು ದಿನ ಕಲಬುರಗಿಗೆ ಹೋದಳು. "ಜ್ವಾಕಿ ಮುತ್ಯಾ" ಎಂದು ಜೋಪಾನ ಹೇಳಿಯೇ ಹೋಗಿದ್ದಳು. ನಾನು ಕಟ್ಟು ಬಿಚ್ಚಿ ನೋಡಿದೆ. ಮೇಲಿನ ಅಂಚಿನಲ್ಲಿ ತೂತುಗಳು, ಕೆಲವು ಹರಿದಿದ್ದವು. ಕೆಳಗಿನ ಅಂಚಿನಲ್ಲಿ ಪೆನ್ಸಿಲಿನ ನಂಬರು. ಒಂದು ಹಾಳೆ ಉದ್ದ, ಒಂದು ಗಿಡ್ಡ. ಜೀವಮಾನವೆಲ್ಲ ಅಂಚು ನೇರ ಮಾಡಿದವನಿಗೆ ಸುಮ್ಮನಿರಲು ಆಗಲಿಲ್ಲ. ನಮ್ಮ ಕಸುಬಿನಲ್ಲಿ ಅಂಚಿಗೆ ಬರೆದ ನಂಬರು ಕೆಲಸ ಮುಗಿದ ಮೇಲೆ ಕತ್ತರಿಗೇ ಹೋಗುವುದು. ದೊಡ್ಡವರ ಮುಂದೆ ಇಡುವ ವಸ್ತು, ಚೊಕ್ಕ ಇರಲಿ ಎಂದುಕೊಂಡು ಉದ್ದದ್ದು ಬೇರೆ, ಗಿಡ್ಡದ್ದು ಬೇರೆ ಮಾಡಿ, ಗೆರೆ ಹಾಕಿ, ಹತ್ತತ್ತು ಹಾಳೆ ಹಿಡಿದು ಮೇಲೂ ಕೆಳಗೂ ಕತ್ತರಿಸಿದೆ. ಚೂರುಗಳನ್ನು ಪಕ್ಕದ ಚಹಾದಂಗಡಿಯವನು ಒಲೆಗೆ ಒಯ್ದ.

ಮೊಮ್ಮಗಳು ಬಂದು ಕಟ್ಟು ಬಿಚ್ಚಿದಳು. "ಮುತ್ಯಾ, ನಂಬರ್ ಎಲ್ಲಿ ಅವ?"

"ತಗದೀನಲ್ಲವ್ವ. ನೋಡು, ಎಷ್ಟ್ ಚಂದ ಆಗ್ಯಾವ."

ಅವಳು ನೆಲದ ಮೇಲೆ ಕೂತುಬಿಟ್ಟಳು. ಯಾವ ಹಾಳೆಯ ಮುಂದೆ ಯಾವುದು ಎಂದು ಹೇಳುವುದು ಆ ನಂಬರು, ಉದ್ದ ಗಿಡ್ಡ ಬೇರೆ ಮಾಡುವಾಗ ಆ ಸಾಲನ್ನೂ ನಾನು ಕಲಸಿಬಿಟ್ಟಿದ್ದೆ. ಚಿತ್ರ ಒಂದೇ ಜಾಗದಲ್ಲಿ ಅಲುಗದೆ ಕೂರಲಿ ಎಂದು ಹಲಗೆಯ ಮೊಳೆಗೆ ಸಿಕ್ಕಿಸುವುದು ಆ ತೂತು. ಹಾಳೆಗಳ ಫೋಟೋ ಇನ್ನೂ ತೆಗೆದಿರಲಿಲ್ಲ. ಒಪ್ಪಿಸುವುದಕ್ಕೆ ಹತ್ತು ದಿನ ಉಳಿದಿತ್ತು.

ಬೈದಿದ್ದರೆ ಚೆನ್ನಾಗಿತ್ತು, ಅವಳು ಬೈಯಲಿಲ್ಲ. ಬೈದವಳು ನನ್ನ ಹೆಂಡತಿ. "ಮಂದಿ ಅಂಗಿಗಿ ಕತ್ರಿ ಹಾಕಿದ್ದು ಸಾಲಲಿಲ್ಲೇನ್ರಿ, ಕೂಸಿನ ನಸೀಬಕ್ಕೂ ಹಾಕಿದ್ರಿ?" ಅವಳ ಅಪ್ಪ, ನನ್ನ ಮಗ, ಎದ್ದು ಹೊರಗೆ ಹೋದ.

ಮರುದಿನ ಬೆಳಗಿನ ಬಸ್ಸಿಗೆ ಗೆಳತಿ ಹುಣಸಗಿಯಿಂದ ಬಂದಳು. ಹಾಳೆ ತಿರುವಿ ನೋಡಿ ಧೈರ್ಯ ಹೇಳಿದಳು. ಮಷಿನ್ನಿನ ಚಿತ್ರ ಎಲ್ಲ ಹಾಳೆಯಲ್ಲೂ ಒಂದೇ ಇದೆ, ಅದನ್ನು ಗುರುತು ಹಿಡಿದು ಕಂಪ್ಯೂಟರ್ ಹಾಳೆಗಳನ್ನು ಒಂದರ ಮೇಲೊಂದು ಕೂಡಿಸುತ್ತದೆ ಅಂದಳು. ಕೂದಲೆಳೆಯಷ್ಟು ಆಚೀಚೆಯಾದರೂ ಕೂಡಿಸಿತು ಕೂಡ. ಹಾಳೆಗಳ ಸಾಲನ್ನೂ ಹಚ್ಚಿಕೊಡು ಎಂದು ಅದನ್ನೇ ಕೇಳಿದರು. ಅದು ಹಚ್ಚಿಕೊಟ್ಟದ್ದನ್ನು ಓಡಿಸಿದಾಗ ನಾನೂ ಬಗ್ಗಿ ನೋಡಿದೆ. ಬಟ್ಟೆ ಸೂಜಿಯ ಕಡೆಯಿಂದ ವಾಪಸು ನನ್ನ ತೊಡೆಯ ಮೇಲೆ ಬರುತ್ತಿತ್ತು!

"ಇದು ಹೊಲಿಯೋದಲ್ಲವ್ವ, ಬಿಚ್ಚೋದು!" ಅಂದೆ.

"ಒಂದಕ್ಕೊಂದು ಹೋಲೋದು ನೋಡಿ ಜೋಡಿಸ್ಯದ ಮುತ್ಯಾ. ಯಾವ್ದು ಮುಂದ, ಯಾವ್ದು ಹಿಂದ ಅದಕ್ಕ ತಿಳಿಯಂಗಿಲ್ಲ" ಅಂದಳು ಗೆಳತಿ.

"ನನಗ ತಿಳೀತದ. ಹಾಳಿ ಹಾಸ್ರಿ."

ಅಂಗಡಿಯ ನೆಲದ ತುಂಬ ಹಾಳೆ ಹಾಸಿದರು. ಹಳೆ ಬಟ್ಟೆಯೊಂದನ್ನು ಹಾಕಿ ನಾನು ಮಷಿನ್ ತುಳಿದೆ. ಬೆರಳಷ್ಟು ಹೊಲಿಯುವುದು, ನಿಲ್ಲಿಸುವುದು, ನನ್ನ ಕೈಯನ್ನು ನಾನೇ ನೋಡುವುದು. ಇಷ್ಟು ವರ್ಷ ದುಡಿದ ಕೈಯನ್ನು ಹಾಗೆ ನೋಡಿಯೇ ಇರಲಿಲ್ಲ. ಬಟ್ಟೆ ದಪ್ಪ ಬಂದಾಗ ಬಲಗೈ ಹೆಬ್ಬೆರಳು ತುಸು ಏಳುತ್ತದೆ. ಮೂಲೆ ತಿರುಗುವ ಮೊದಲು ಎಡಗೈ ಕಿರುಬೆರಳು ಮಡಚಿಕೊಳ್ಳುತ್ತದೆ. ಅದನ್ನೆಲ್ಲ ಮೊಮ್ಮಗಳು ಯಾವಾಗ ನೋಡಿದಳೋ, ಒಂದೂ ಬಿಡದೆ ಬಿಡಿಸಿದ್ದಳು. "ಇದು" ಅನ್ನುತ್ತಿದ್ದೆ, ಅವಳು ಎತ್ತಿ ನಂಬರು ಬರೆಯುತ್ತಿದ್ದಳು. "ಇನ್ನ ಇದು." ಹೀಗೆ ನಾಲ್ಕು ದಿನ ಹಿಡಿಯಿತು. ಗಿರಾಕಿಗಳು ಬಾಗಿಲಲ್ಲೇ ನಿಂತು ತಿರುಗಿ ಹೋದರು. ಕೊನೆಗೆ ಒಂಬತ್ತು ಹಾಳೆ ಎಲ್ಲಿಗೂ ಕೂಡದೆ ಉಳಿದವು.

"ಇವು ನನ್ನ ಕೈ ಅಲ್ಲ" ಅಂದೆ.

ಅವಳು ಅಷ್ಟು ದಿನದಲ್ಲಿ ಮೊದಲ ಸಲ ನಕ್ಕಳು. "ಹೌದ್ ಮುತ್ಯಾ, ಅವು ನಾ ನಿದ್ದಿಗಣ್ಣಾಗ ತಗದದ್ದು!"

ಆ ಒಂಬತ್ತನ್ನೂ ಹೊಸದಾಗಿ ಬಿಡಿಸಿದಳು. ಗೆಳತಿ ಹೊಲ ಗುಡ್ಡಗಳನ್ನು ಕೂಡಿಸಿದಳು. ಹೇಳಿದ ದಿನಕ್ಕೇ ಒಪ್ಪಿಸಿದರು. ಆದರೂ ನನ್ನ ಜೀವಕ್ಕೆ ಸಮಾಧಾನ ಇರಲಿಲ್ಲ. ಇನ್ನೆಲ್ಲಾದರೂ ನನ್ನ ತಪ್ಪು ಎದ್ದು ಕಂಡರೆ?

ಕಂಡಿತಂತೆ. ಯಾದಗಿರಿಯಿಂದ ಮಾಡಿದ ಆ ಫೋನಿನಲ್ಲೇ ಹೇಳಿದಳು. ಪರೀಕ್ಷೆ ಮಾಡುವವರೊಬ್ಬರು, ಚಿತ್ರ ಅಲ್ಲಲ್ಲಿ ಸಣ್ಣಗೆ ನಡುಗುತ್ತದಲ್ಲ, ಮಷಿನ್ ತುಳಿದಾಗ ನಡುಗುವ ಹಾಗೇ ಇದೆ, ಇದನ್ನು ಎಐ ಮಾಡಿಕೊಟ್ಟಿತೋ ನೀವು ಮಾಡಿದಿರೋ ಎಂದು ಕೇಳಿದರಂತೆ.

"ನೀ ಏನಂದಿ?" ಅಂದೆ.

"ಇದ್ದದ್ದು ಇದ್ದಂಗ ಹೇಳಿದೆ. ನಮ್ಮ ಮುತ್ಯಾ ಕತ್ರಿ ಹಾಕಿದ, ಮತ್ತ ನಮ್ಮ ಮುತ್ಯಾನೇ ಕೂಡಿಸಿದ ಅಂದೆ."

"ಅಯ್ಯೋ, ನನ್ನ ಮಾನ ತಗದಿ!"

"ಅದಕ್ಕೇ ಎದ್ದು ನಿಂತ್ರು ಮುತ್ಯಾ!"

ಅಂಗಡಿಯ ಬಾಗಿಲು ಹಾಕಿ ಮನೆಗೆ ನಡೆದೆ. ದಾರಿಯಲ್ಲಿ ಕಂಡವರಿಗೆಲ್ಲ ಹೇಳಿದೆ, ಕೇಳದವರಿಗೂ ಹೇಳಿದೆ. ಅವರಿಬ್ಬರೂ ಶಹಾಪುರದಲ್ಲಿ ಬಸ್ಸು ಬದಲಿಸಿ ಸಂಜೆಗೆ ಬಂದರು. ಹೆಂಡತಿ ಗೋಧಿ ಹುಗ್ಗಿ ಮಾಡಿದ್ದಳು, ಸೊಸೆ ಬಿಸಿ ರೊಟ್ಟಿ ಬಡಿಯುತ್ತಿದ್ದಳು, ಪುಂಡಿಪಲ್ಲೆ, ಶೇಂಗಾ ಹಿಂಡಿ ಎಲ್ಲ ಇತ್ತು. ಚಿತ್ರ ತೋರಿಸಲು ಹುಡುಗಿಯರು ಲ್ಯಾಪ್‌ಟಾಪ್ ತೆಗೆದರೆ ಹೆಂಡತಿ ಗದರಿದಳು. "ಮೊದಲ ಉಣ್ರಿ, ಅದೆಲ್ಲಿ ಓಡಿ ಹೋಗ್ತದ?" ರೊಟ್ಟಿ ಬಡಿಯುವುದು ಮುಗಿಸಿ ಸೊಸೆಯೂ ಬಂದು ಕೂತಳು. ಮಗ ನನ್ನ ತಾಟಿಗೆ ತುಪ್ಪ ಸುರಿದು, "ಉಣ್ಣಪ್ಪ" ಅಂದ. ಮೊಮ್ಮಗಳು ನನ್ನ ತಾಟಿನ ಹುಗ್ಗಿಗೇ ಕೈ ಹಾಕಿದಳು, ನಾನು ಅವಳ ತಾಟಿನ ರೊಟ್ಟಿ ಮುರಿದುಕೊಂಡೆ. ಆರೂ ಜನ ಹೊಟ್ಟೆ ತುಂಬ ಉಂಡೆವು.